ದತ್ತು ಆದೇಶ ಬಂದ ದಿನ ಹಬ್ಬ ಮಾಡಬಹುದೇ?

ಪ್ರಶ್ನೆ: ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಮೂಲಕ ಆರು ವರ್ಷದ ಹುಡುಗಿಯನ್ನು ದತ್ತು ಪಡೆಯುತ್ತಿದ್ದೇವೆ. ಈಗಾಗಲೇ ಮನೆಗೆ ಬಂದು ನಮ್ಮ ಜೊತೆಯಲ್ಲೇ ಇದ್ದಾಳೆ. ಅಮೆರಿಕದಲ್ಲಿರುವ ನಮ್ಮ ನೆಂಟರು ದತ್ತು ಪಡೆದಾಗ ಮನೆಮಂದಿಯೆಲ್ಲ ಕೋರ್ಟಿಗೆ ಹೋಗಿ ಜಡ್ಜ್ ಜೊತೆ ಫೋಟೊ ತೆಗೆಸಿಕೊಂಡರಂತೆ. ನಾವೂ ಕೋರ್ಟಿಗೆ ಹೋಗಬೇಕೇ? ಆ ದಿನ ಸಂಭ್ರಮ ಪಟ್ಟರೆ ಮಗುವಿಗೆ ನೋವಾದೀತೇ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಕೋರ್ಟಿಗೆ ಹೋಗಬೇಕಾಗಿಲ್ಲ. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಅಲ್ಲಿಂದೀಚೆಗೆ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಕೋರ್ಟುಗಳಲ್ಲಿ ತಡವಾಗುತ್ತಿದೆ ಎಂಬುದೇ ಈ ಬದಲಾವಣೆಗೆ ಕೊಟ್ಟ ಕಾರಣ. ಮಗುವನ್ನು ಸಾಕುತ್ತಿದ್ದ ದತ್ತು ಸಂಸ್ಥೆಯೇ ತಾನಿರುವ ಜಿಲ್ಲೆಯಲ್ಲಿ ಅರ್ಜಿ ಹಾಕುತ್ತದೆ. ಮಗು ಕಲಬುರಗಿಯ ಸಂಸ್ಥೆಯಿಂದ ಬಂದಿದ್ದರೆ ನಿಮ್ಮ ಫೈಲು ಇರುವುದೂ ಕಲಬುರಗಿಯ ಡಿಸಿ ಕಚೇರಿಯಲ್ಲೇ. ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ.

ಅಮೆರಿಕದಲ್ಲಿ 2000ದಿಂದ ನವೆಂಬರ್‌ನ ಒಂದು ಶನಿವಾರವನ್ನು ರಾಷ್ಟ್ರೀಯ ದತ್ತು ದಿನವಾಗಿ ಆಚರಿಸುತ್ತಾರೆ. ಅಂದು ಕೋರ್ಟುಗಳಲ್ಲೇ ಸಡಗರ. ನಮ್ಮಲ್ಲಿ ವಿಚಾರಣೆ ಗೋಪ್ಯವಾಗಿ ನಡೆಯುವುದರಿಂದ ಬಂಧುಬಳಗವನ್ನು ಕರೆದೊಯ್ಯುವಂತಿಲ್ಲ. ಆದರೆ ಆದೇಶಕ್ಕೆ ಮೊದಲು ವಯಸ್ಸು, ತಿಳಿವಳಿಕೆ ನೋಡಿಕೊಂಡು ಮಗುವಿನ ಇಷ್ಟವನ್ನೂ ಪರಿಗಣಿಸಬೇಕೆಂದು ಕಾಯ್ದೆಯಲ್ಲೇ ಇದೆ. ಆರು ವರ್ಷದವಳಿಗೆ ಇದೆಲ್ಲ ಅರ್ಥವಾಗುತ್ತದೆ. ಏನು ನಡೆಯಲಿದೆ ಎಂದು ಮೊದಲೇ ಬಿಡಿಸಿ ಹೇಳಿ. ಅಧಿಕಾರಿಗಳನ್ನು ಕಂಡರೆ ತನ್ನನ್ನು ವಾಪಸ್ ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಹೆದರುವ ಮಕ್ಕಳೂ ಇರುತ್ತಾರೆ. ಅವಳು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ, ಅದನ್ನೂ ತಿಳಿಸಿರಿ.

ಇನ್ನು ಹಬ್ಬದ ಮಾತು. ಖಂಡಿತ ಮಾಡಿ. ಆದೇಶ ಜಾರಿಗೆ ಬಂದ ದಿನದಿಂದ ಅವಳು ಎಲ್ಲ ವಿಧದಲ್ಲೂ, ಆಸ್ತಿಯ ಹಕ್ಕಿನಲ್ಲೂ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳಂತೆಯೇ. ಜನನ ಪ್ರಮಾಣಪತ್ರದಲ್ಲಿ ತಂದೆತಾಯಿಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರುತ್ತದೆ. ಅದು ಕೈಗೆ ಬಂದಾಗ ಬೀರುವಿಗೆ ಸೇರಿಸುವ ಮೊದಲು ಅವಳ ಮುಂದಿಡಿ, ಅಕ್ಷರ ಕೂಡಿಸಿ ಮೂರೂ ಹೆಸರು ಓದಲಿ.

ನೋವಾಗುವುದು ಸಂಭ್ರಮದಿಂದಲ್ಲ, ಊಟಕ್ಕೆ ಬಂದವರ ಮಾತಿನಿಂದ. "ಎಂಥ ಪುಣ್ಯದ ಕೆಲಸ ಮಾಡಿದ್ರಿ!" ಎಂದು ಹಿರಿಯರೊಬ್ಬರು ಅವಳೆದುರೇ ಹೇಳುತ್ತಾರೆ. ಇನ್ನೊಬ್ಬರು ತಲೆ ಸವರಿ, "ನಿನ್ನ ಅದೃಷ್ಟ ಚೆನ್ನಾಗಿದೆ ಕಣೇ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ್ದಾದರೂ, ತಾನು ಈ ಮನೆಯ ಋಣದಲ್ಲಿದ್ದೇನೆ ಎಂಬುದೇ ಮಗುವಿನ ಮನಸ್ಸಿಗೆ ಇಳಿಯುವುದು. ಯಾವ ಮಗುವೂ ತನ್ನ ತಂದೆತಾಯಿಗೆ ಹಾಗೆ ಋಣಿಯಾಗಿರಬಾರದು. ಕರೆಯುವಾಗಲೇ, "ನಮಗೆ ಮಗಳು ಬಂದಳು, ಊಟಕ್ಕೆ ಬನ್ನಿ" ಎಂದಷ್ಟೇ ಹೇಳಿ. ಹಿಂದಿನ ಕಥೆ ಯಾರಾದರೂ ಕೆದಕಿದರೆ, "ಅದು ಅವಳದು, ಹೇಳಬೇಕು ಅನಿಸಿದರೆ ಅವಳೇ ಹೇಳ್ತಾಳೆ" ಎಂದು ಅಲ್ಲಿಗೇ ನಿಲ್ಲಿಸಿ. ಅವಳ ಫೋಟೊ, ವಿವರಗಳು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹೋಗುವುದು ಬೇಡ.

ಅಂದಿನ ಅಡುಗೆ ಅವಳೇ ಆರಿಸಲಿ. ಹೋಳಿಗೆಯ ಬದಲು ನೂಡಲ್ಸ್ ಬೇಕೆಂದರೆ ನೂಡಲ್ಸೇ ಆಗಲಿ. ಸಂಸ್ಥೆಯಲ್ಲಿ ಸ್ನಾನ ಮಾಡಿಸಿ, ಉಣಿಸಿ, ಜ್ವರ ಬಂದಾಗ ಪಕ್ಕದಲ್ಲಿ ಮಲಗಿಸಿಕೊಂಡ ಆಯಾ ಒಬ್ಬರು ಇದ್ದೇ ಇರುತ್ತಾರೆ. ಮಗಳು ಅವರನ್ನು ನೆನೆಸಿಕೊಂಡರೆ, ಸಂಸ್ಥೆಯೂ ಒಪ್ಪಿದರೆ, ಅವರಿಗೂ ಒಂದು ಎಲೆ ಹಾಕಿ. ಊಟದ ನಡುವೆ ಅವಳು ಸಪ್ಪಗಾಗಬಹುದು, ಅಳಲೂಬಹುದು. ಬಿಟ್ಟು ಬಂದವರ ನೆನಪು ಅಂದೇ ಹೆಚ್ಚು. ಸುಮ್ಮನಿರಿಸಲು ಅವಸರಪಡಬೇಡಿ.

ಪ್ರತಿವರ್ಷ ಆ ದಿನವನ್ನು ಆಚರಿಸಬೇಕೇ ಎಂಬುದನ್ನು ಅವಳನ್ನೇ ಕೇಳಿ. ಬೇಡ ಎಂದರೆ ಬಿಟ್ಟುಬಿಡಿ, ಹೇಗೂ ಹುಟ್ಟುಹಬ್ಬ ಇದೆಯಲ್ಲ.