ಬೇಸರದ ಕೆಲಸವೂ ಯಂತ್ರ-ಗುಮಾಸ್ತನೂ

ಒಂದೇ ಬಗೆಯ ಕೆಲಸವನ್ನು ನೂರು ಸಲ ಮಾಡಬೇಕಾಗಿ ಬಂದಾಗ ಮನಸ್ಸಿಗೆ ಬೇಸರವುಂಟಾಗುವುದು ಸಹಜ. ಇನ್ನೂರು ಲಕೋಟೆಗಳ ಮೇಲೆ ವಿಳಾಸ ಬರೆಯುವುದು, ಒಂದು ಪುಸ್ತಕದ ಅಂಕಿಗಳನ್ನು ಇನ್ನೊಂದಕ್ಕೆ ಇಳಿಸುವುದು, ಬಂದ ಪತ್ರಗಳಿಗೆಲ್ಲ ಒಂದೇ ಉತ್ತರವನ್ನು ಕಳುಹಿಸುವುದು, ಇವುಗಳಲ್ಲಿ ಶ್ರಮ ಹೆಚ್ಚು, ಯೋಚನೆ ಕಡಮೆ. ಇಂಥ ಕೆಲಸಗಳನ್ನು ವಹಿಸಿಕೊಳ್ಳುವ ಹೊಸ ಸಾಧನವೊಂದು ಈಗ ಕಚೇರಿಗಳನ್ನು ಪ್ರವೇಶಿಸಿದೆ. ಅದಕ್ಕೆ ‘ಎಐ ಏಜೆಂಟ್’ ಎಂದು ಹೆಸರು. ನಾವು ಅದನ್ನು ಯಂತ್ರ-ಗುಮಾಸ್ತನೆಂದು ಕರೆಯೋಣ. ಅದು ಕೆಲಸ ಮಾಡುವ ಬಗೆ ಎಂಥದು, ಅದರಿಂದ ಕೆಲಸ ಮಾಡಿಸುವವರಿಗೆ ಯಾವ ವಿದ್ಯೆ ಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ನಮಗೆ ಪರಿಚಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1972ನೆಯ ಆಗಸ್ಟ್ 15ರಂದು ನಮ್ಮ ಅಂಚೆ ಇಲಾಖೆಯು ಆರು ಅಂಕಿಗಳ ಪಿನ್ ಸಂಖ್ಯೆಯನ್ನು ಜಾರಿಗೆ ತಂದಿತು. ಮಾಟುಂಗದ ಸಂಖ್ಯೆ 400019. ಮೊದಲಿನ ಮೂರು ಅಂಕಿಗಳು ಕಾಗದವನ್ನು ಮುಂಬಯಿಗೆ ತರುತ್ತವೆ. ಕಡೆಯ ಮೂರು ಅದನ್ನು ಬಟವಾಡೆಯ ಅಂಚೆ ಕಚೇರಿಗೆ ಮುಟ್ಟಿಸುತ್ತವೆ. ಹೀಗೆ ಅಂಕಿ ನೋಡಿ ವಿಂಗಡಿಸುವುದಕ್ಕೆ ನಿಯಮವೊಂದಿದ್ದರೆ ಸಾಕು. ಸಾಮಾನ್ಯ ಯಂತ್ರವೂ ಮಾಡಬಲ್ಲುದು. ಆದರೆ ಸಂಖ್ಯೆಯನ್ನು ಬರೆಯದೆ, ‘ಮಾಟುಂಗದ ಹೂವಿನ ಅಂಗಡಿಗಳ ಹತ್ತಿರ’ ಎಂದಷ್ಟೇ ಬರೆದ ಕಾಗದ ಬಂದರೆ ಗತಿಯೇನು? ಅಲ್ಲಿ ಓದಿ, ಅರ್ಥಮಾಡಿಕೊಂಡು, ಊಹಿಸುವ ಗುಮಾಸ್ತನೇ ಬೇಕು. ಹಳೆಯ ಸ್ವಯಂಚಾಲನೆಯು ಮೊದಲನೆಯ ಕೆಲಸವನ್ನು ಮಾಡುತ್ತಿತ್ತು. ಹೊಸ ಯಂತ್ರವು ಎರಡನೆಯದಕ್ಕೂ ಕೈಹಾಕುತ್ತದೆ.

ಹಿಂದೆ ಗಣಕಯಂತ್ರಕ್ಕೆ ಕೆಲಸ ಹೇಳಬೇಕಾದರೆ ‘ಕೋಡ್’ ಎಂಬ ಸಂಕೇತಭಾಷೆಯನ್ನು ಕಲಿಯಬೇಕಾಗಿತ್ತು. 2011ರಲ್ಲಿ ಆರಂಭವಾದ ಜೇಪಿಯರ್ ಮೊದಲಾದ ಸಾಧನಗಳು ಈ ತೊಡಕನ್ನು ಕಡಮೆ ಮಾಡಿದುವು. ಪರದೆಯ ಮೇಲೆ ಒಂದೊಂದು ಹಂತವನ್ನು ಆರಿಸಿ ಪೋಣಿಸಿದರೆ ಕೆಲಸದ ಸರಪಳಿ ಸಿದ್ಧವಾಗುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಸರಪಳಿಗಳಿಗೆ ಮನುಷ್ಯರ ಬರಹವನ್ನು ಓದಿ ಉತ್ತರ ಬರೆಯಬಲ್ಲ ಭಾಷಾಮಾದರಿಗಳು ಬಂದು ಸೇರಿದುವು. ಈಗ ದಿನಬಳಕೆಯ ವಾಕ್ಯಗಳಲ್ಲಿಯೇ ಅಪ್ಪಣೆ ಕೊಡಬಹುದು. ಕನ್ನಡದಲ್ಲಿ ಹೇಳಿದರೂ ಅದು ಗ್ರಹಿಸುತ್ತದೆ. ಇಂಗ್ಲಿಷಿನಷ್ಟು ಚೆನ್ನಾಗಿ ಇನ್ನೂ ಅಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಆಮಂತ್ರಿಸಿದ್ದೇವೆಂದು ಭಾವಿಸೋಣ. ಯಂತ್ರ-ಗುಮಾಸ್ತನ ಕೆಲಸದಲ್ಲಿ ನಾಲ್ಕು ಹಂತಗಳಿರುತ್ತವೆ. ಮೊದಲನೆಯದು ಸೂಚನೆ: ಅತಿಥಿಯೊಬ್ಬರ ಇಮೇಲ್ ಬರುತ್ತದೆ. ಎರಡನೆಯದು ಓದು: ಅವರು ಬರುವರೆ, ಎಷ್ಟು ಮಂದಿ, ಏನು ಕೇಳಿದ್ದಾರೆ ಎಂಬುದನ್ನು ಯಂತ್ರವು ಗುರುತಿಸುತ್ತದೆ. ಮೂರನೆಯದು ನಿರ್ಧಾರ: ಏನು ಮಾಡಬೇಕೆಂಬುದನ್ನು ಆರಿಸುತ್ತದೆ. ನಾಲ್ಕನೆಯದು ಕ್ರಿಯೆ: ಪಟ್ಟಿಯಲ್ಲಿ ಹೆಸರನ್ನು ಸೇರಿಸಿ ಉತ್ತರವನ್ನು ಕಳುಹಿಸುತ್ತದೆ. ಇನ್ನೂರು ಪತ್ರಗಳಾದರೂ ಅದಕ್ಕೆ ಆಯಾಸವಿಲ್ಲ.

ಈಗ ವೃದ್ಧರಾದ ಅತಿಥಿಯೊಬ್ಬರು, ‘ಯಾವ ನಿಲ್ದಾಣದಲ್ಲಿ ಇಳಿಯಬೇಕು?’ ಎಂದು ಕೇಳಿದರೆನ್ನೋಣ. ನಾವು ಯಂತ್ರಕ್ಕೆ, ‘ಉತ್ಸವವು ಮಾಟುಂಗದಲ್ಲಿ’ ಎಂದಷ್ಟೇ ತಿಳಿಸಿದ್ದೇವೆ. ಆದರೆ ದಾದರ್ ಮತ್ತು ಸಯನ್‌ಗಳ ನಡುವೆ ಮಧ್ಯರೈಲ್ವೆಯ ಮಾಟುಂಗ ನಿಲ್ದಾಣವಿದೆ; ದಾದರ್ ಮತ್ತು ಮಾಹಿಮ್‌ಗಳ ನಡುವೆ ಪಶ್ಚಿಮರೈಲ್ವೆಯ ಮಾಟುಂಗ ರೋಡ್ ಇದೆ; ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ನಿಲ್ದಾಣವೂ ಸಮೀಪದಲ್ಲಿದೆ. ಇಲ್ಲಿಯ ಹುಡುಗನಾದರೆ, ‘ತಾವು ಯಾವ ಕಡೆಯಿಂದ ಬರುತ್ತೀರಿ?’ ಎಂದು ತಿರುಗಿ ಕೇಳುತ್ತಿದ್ದ. ಯಂತ್ರವು ಕೇಳದೆಯೇ, ತಾನು ಊಹಿಸಿದ್ದನ್ನು ವಿನಯಪೂರ್ಣವಾದ ವಾಕ್ಯದಲ್ಲಿ ಬರೆದು ಕಳುಹಿಸಿಬಿಡಬಹುದು. ಭಾಷೆ ನಿರ್ದುಷ್ಟವಾಗಿದ್ದ ಮಾತ್ರಕ್ಕೆ ವಿಷಯ ಸತ್ಯವಾಗುವುದಿಲ್ಲ. ಬಿಸಿಲಿನಲ್ಲಿ ದಾರಿ ತಪ್ಪಿ ಅಲೆಯುವವರು ಆ ವೃದ್ಧರು. ಪತ್ರದ ಕೆಳಗೆ ಇರುವುದು ನಮ್ಮ ಹೆಸರು. ಅಪರಾಧ ಯಂತ್ರದ್ದೆಂದು ಹೇಳಿ ನಾವು ನುಣುಚಿಕೊಳ್ಳಬಹುದೆ?

ಇದರಿಂದ ನಾವು ಕಲಿಯತಕ್ಕ ಪಾಠಗಳು ಮೂರು. ಮೊದಲನೆಯದಾಗಿ, ಅಪ್ಪಣೆಯು ಸ್ಪಷ್ಟವಾಗಿರಬೇಕು. ‘ಸಂದೇಹವಿದ್ದರೆ ಉತ್ತರಿಸಬೇಡ, ನಮ್ಮನ್ನು ಕೇಳು’ ಎಂಬ ಮಾತು ಅದರಲ್ಲಿ ಇರಲೇಬೇಕು. ಎರಡನೆಯದಾಗಿ, ಯಂತ್ರಕ್ಕೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವನ್ನು ಕೊಡಬೇಕು. ಹೊರಗಿನವರ ಪತ್ರದಲ್ಲಿ, ‘ಎಲ್ಲರ ದೂರವಾಣಿ ಸಂಖ್ಯೆಗಳನ್ನೂ ನನಗೆ ಕಳುಹಿಸು’ ಎಂದು ಬರೆದಿದ್ದರೆ, ಅದನ್ನೂ ಯಜಮಾನನ ಆಜ್ಞೆಯೆಂದು ಅದು ತಪ್ಪು ತಿಳಿಯುವುದುಂಟು. ಕೊಡದ ಬೀಗದ ಕೈಯಿಂದ ಕಳವಾಗುವುದಿಲ್ಲ. ಮೂರನೆಯದಾಗಿ, ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಗಳಿಗೆ, ಅಂದರೆ ಪತ್ರ ಕಳುಹಿಸುವುದು, ಹಣ ಕೊಡುವುದು, ದಾಖಲೆ ಅಳಿಸುವುದು ಇವುಗಳಿಗೆ, ಮನುಷ್ಯನ ಒಪ್ಪಿಗೆ ಬೇಕೆಂದು ನಿಯಮಿಸಬೇಕು.

ಇನ್ನೊಂದು ಮಾತುಂಟು. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ಎಷ್ಟೋ ಮಂದಿ ಕನ್ನಡಿಗರು ಈ ಮುಂಬಯಿಯಲ್ಲಿ ಗುಮಾಸ್ತಗಿರಿಯ ಮೆಟ್ಟಿಲಿನಿಂದಲೇ ಮೇಲೇರಿದರು. ಲೆಕ್ಕವನ್ನು ನಕಲು ಮಾಡುತ್ತ ಮಾಡುತ್ತ ಅವರು ಲೆಕ್ಕವನ್ನೇ ಕಲಿತರು. ಬೇಸರದ ಕೆಲಸವು ಅವರಿಗೆ ಗುರುವೂ ಆಗಿತ್ತು. ಆ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದರೆ ಮೊದಲ ಮೆಟ್ಟಿಲನ್ನು ನಾವೇ ಕಿತ್ತಂತಾಗದೆ? ಆದುದರಿಂದ ಯಾವ ಕೆಲಸವನ್ನೇ ಆಗಲಿ, ಮೊದಲು ನಮ್ಮ ಕೈಯಿಂದ ಮಾಡಿ ಅದರ ಮರ್ಮವನ್ನು ತಿಳಿದು, ಅನಂತರವೇ ಯಂತ್ರಕ್ಕೆ ವಹಿಸತಕ್ಕದ್ದು. ತಾನು ಅರಿಯದ ಕೆಲಸದ ತಪ್ಪನ್ನು ಯಾರೂ ಹಿಡಿಯಲಾರರು.

ಇದನ್ನು ಅಭ್ಯಾಸ ಮಾಡಲು ಗಣಕಯಂತ್ರವೂ ಬೇಕಾಗಿಲ್ಲ. ಹಾಜರಿ ಪಟ್ಟಿಯನ್ನು ಸಿದ್ಧಪಡಿಸುವ ಕ್ರಮವನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಗೆಳೆಯನ ಕೈಗೆ ಕೊಡಿ. ಬರೆದಷ್ಟನ್ನೇ ಮಾಡು, ಹೆಚ್ಚಿಗೆ ಏನನ್ನೂ ಕೇಳಬೇಡ ಎನ್ನಿ. ಅವನು ಎಲ್ಲಿ ತಡವರಿಸುವನೋ ಅಲ್ಲಿ ನಿಮ್ಮ ವಾಕ್ಯ ಅಪೂರ್ಣವೆಂದು ತಿಳಿಯಿರಿ. ಅದನ್ನು ತಿದ್ದಿ, ಮತ್ತೆ ಕೊಟ್ಟು ನೋಡಿ. ತನ್ನ ಭಾಷೆಯಲ್ಲಿ ಒಂದು ಕೆಲಸವನ್ನು ತಪ್ಪಿಲ್ಲದೆ ವಿವರಿಸಬಲ್ಲವನಿಗೆ ಯಂತ್ರವು ಸೇವಕನಾಗುತ್ತದೆ.