ಸಮುದ್ರದ ಕಲ್ಲು, ನಮ್ಮ ಕೆರೆಯ ಮಣ್ಣು

ದಸರಾ ರಜೆಯಲ್ಲಿ ನಾವು ಮನೆಮಂದಿಯೆಲ್ಲಾ ಉಡುಪಿ ಕಡೆ ಪ್ರವಾಸ ಹೋಗಿದ್ದೆವು. ಕೃಷ್ಣ ಮಠ ನೋಡಿದೆವು, 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ನೋಡಿದೆವು. ಆದರೆ ನಾನು ಬರೆಯುವುದು ಬೋಟಿನಲ್ಲಿ ಹೋದ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಮಾತ್ರ. ಅಲ್ಲಿ ಕಂಡದ್ದನ್ನು ಅಜ್ಜಿಗೆ ಹೇಳಿ ಒಪ್ಪಿಸಲು ನನಗೆ ಐದು ತಿಂಗಳು ಹಿಡಿಯಿತು.

ಈ ಪ್ರವಾಸ ಹೊರಟಿದ್ದೇ ಅಜ್ಜಿಯಿಂದ. "ಸಾಯೋದ್ರೊಳಗೆ ಒಂದ್ಸಲ ಸಮುದ್ರ ನೋಡ್ಬೇಕು" ಅಂತ ಹಾಲು ಮಾರಿದ ದುಡ್ಡು ಕೂಡಿಟ್ಟಿದ್ದಳು. ಮಲ್ಪೆ ಬಂದರಿನಲ್ಲಿ ಮೀನಿನ ವಾಸನೆಗೆ ತಮ್ಮ ಮೂಗು ಮುಚ್ಚಿಕೊಂಡ. ಅಜ್ಜಿ ಮಾತ್ರ ನೀರಿಗೆ ಅರಿಶಿನ ಕುಂಕುಮ ಹಾಕಿ "ಗಂಗಮ್ಮ ತಾಯಿ" ಅಂತ ಕೈಮುಗಿದಳು. ಮಳೆಗಾಲದಲ್ಲಿ ಕಡಲು ಜೋರಿರುವುದರಿಂದ ಇಲ್ಲಿ ಪ್ರವಾಸಿ ಬೋಟು ಬಿಡುವುದಿಲ್ಲ.

ದ್ವೀಪ ಸುಮಾರು 6 ಕಿ.ಮೀ. ದೂರ. ಅದರ ಹತ್ತಿರ ನೀರಿನ ಆಳ ಕಡಿಮೆ, ದೊಡ್ಡ ಬೋಟು ದಡಕ್ಕೆ ಹೋಗದು. ನಡುನೀರಿನಲ್ಲೇ ಸಣ್ಣ ಬೋಟಿಗೆ ಇಳಿಯಬೇಕು. ಎರಡೂ ಬೋಟು ತೂಗಾಡುತ್ತಿದ್ದವು. ಅಜ್ಜಿ ಒಂದು ಕಾಲು ಎತ್ತಿದಳು, ಹಿಂದಕ್ಕೆ ತೆಗೆದಳು. ಮಂಡಿನೋವು ಬೇರೆ. "ನಾ ಬರಲ್ಲ, ನೀವು ಹೋಗಿ ಬರ್ರಿ. ಏನೇನು ನೋಡ್ತೀಯೋ ಎಲ್ಲಾ ಬಂದು ಹೇಳು ಮಗಾ" ಅಂದಳು. ಅವ್ವ ಅವಳ ಜೊತೆ ಉಳಿದಳು. ದುಡ್ಡು ಅಜ್ಜಿಯದು, ನೋಡುವವರು ನಾವು! ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಅದಕ್ಕೇ ಎಲ್ಲವನ್ನೂ ಗಮನವಿಟ್ಟು ನೋಡಿದೆ.

ಅಲ್ಲಿ ಕಲ್ಲುಗಳು ಕಂಬಗಳ ಹಾಗೆ ಒಂದಕ್ಕೊಂದು ಅಂಟಿ ನಿಂತಿವೆ. ಮೇಲಿಂದ ನೋಡಿದರೆ ಜೇನುಹುಟ್ಟಿನ ಹಾಗೆ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಏಳು, ಹೆಚ್ಚಿನವಕ್ಕೆ ಆರು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಈ ಹೆಸರಿಟ್ಟ ಅಂತ ಹೇಳುತ್ತಾರೆ. ಆದರೆ ಕಲ್ಲಿನ ವಯಸ್ಸಿನ ಮುಂದೆ ಅದು ನಿನ್ನೆ ಮೊನ್ನೆಯ ಮಾತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ಆರಿ ಈ ಕಲ್ಲಾಯಿತು. ಆಗ ನಮ್ಮ ಭೂಮಿ ಮಡಗಾಸ್ಕರ್‌ಗೆ ಅಂಟಿಕೊಂಡಿದ್ದು, ಬೇರೆಯಾಗುತ್ತಿದ್ದ ಕಾಲವಂತೆ. ಅಟ್ಲಾಸಿನಲ್ಲಿ ನೋಡಿ, ಈಗ ಅದು ಆಫ್ರಿಕಾದ ಪಕ್ಕದಲ್ಲಿದೆ!

ಬೋಟಿಗೆ ಬಂದು ಎಲ್ಲಾ ಹೇಳಿದೆ. ಅಜ್ಜಿ "ಪಾಂಡವರು ಕಡೆದಿರ್ಬೇಕು ಬಿಡು" ಅಂದಳು. ಅಲ್ಲ ಅಜ್ಜಿ, ಲಾವಾರಸ ಅಂದೆ. "ಬೆಂಕಿ ಏನು ಮೂಲೆ ಹಿಡಿದು ಕಲ್ಲು ಕಡೀತೈತೇನು?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಬಿಸಿ ವಸ್ತು ಆರುವಾಗ ಕುಗ್ಗುತ್ತದೆ. ಲಾವಾರಸದ ಮೇಲ್ಭಾಗ ಮೊದಲು ಆರಿ ಗಟ್ಟಿಯಾಗುತ್ತದೆ, ಕುಗ್ಗಲು ಜಾಗವಿಲ್ಲದೆ ಬಿರಿಯುತ್ತದೆ. ಒಳಗೆ ಆರುತ್ತಾ ಹೋದಂತೆ ಬಿರುಕೂ ಕೆಳಕ್ಕೆ ಇಳಿಯುತ್ತದೆ, ಇಳಿಯುತ್ತಾ ನೇರ್ಪಾಗುತ್ತದೆ. ಮೂರು ಬಿರುಕು ಒಂದು ಕಡೆ ಸಮನಾಗಿ ಸೇರಿದರೆ ಒಂದೊಂದು ಕೋನವೂ 120 ಡಿಗ್ರಿ. ಷಟ್ಕೋನದ ಮೂಲೆಯೂ 120 ಡಿಗ್ರಿಯೇ! ನಮ್ಮ ಗಣಿತ ಪುಸ್ತಕದ ಲೆಕ್ಕ ಸಮುದ್ರದಲ್ಲಿ ನಿಂತಿದೆ. "ಕೆರೆ ಒಣಗಲಿ, ಅಲ್ಲೇ ತೋರಿಸ್ತೀನಿ" ಅಂದರು ಮೇಷ್ಟ್ರು. ಮಣ್ಣು ಬಿಸಿ ಆರಿ ಕುಗ್ಗುವುದಿಲ್ಲ, ನೀರು ಆರಿ ಕುಗ್ಗುತ್ತದೆ. ಅಷ್ಟೇ ವ್ಯತ್ಯಾಸ.

ಮಾರ್ಚ್‌ನಲ್ಲಿ ಕೆರೆಯಂಗಳ ಬಿರಿಯಿತು. ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋದೆ. ಅವಳು ಕೋಲಿನಿಂದ ಮೂಲೆ ಮುಟ್ಟಿ ಮುಟ್ಟಿ ಎಣಿಸಿದಳು. "ಇದನ್ನ ಯಾರೂ ಕಡ್ದಿಲ್ಲ, ಬಿಸ್ಲು ಮಾಡಿದ್ದು" ಅಂತ ತಾನೇ ಅಂದಳು. ಆಮೇಲೆ ಸುಮ್ಮನೆ ನಿಂತು, "ಸಮುದ್ರದಾಗೂ ಹಿಂಗೇ ಐತೇನು?" ಅಂತ ಕೇಳಿದಳು. ಹೂಂ ಅಜ್ಜಿ, ಆದರೆ ಆಳ, ಕಂಬದಷ್ಟು ಅಂದೆ.

ಅವತ್ತು ನಾವು 20 ಹೆಂಟೆ ಎಣಿಸಿದೆವು. ನಾಲ್ಕು ಮೂಲೆಯವು 7, ಐದು ಮೂಲೆಯವು 9, ಆರು ಮೂಲೆಯವು ನಾಲ್ಕೇ ನಾಲ್ಕು. ಮಣ್ಣಿನ ಬಿರುಕು ಆಳಕ್ಕೆ ಇಳಿಯದೆ ಬೇಗ ನಿಲ್ಲುವುದರಿಂದ ಹೀಗೆ ಎಂದು ಮೇಷ್ಟ್ರು ಹೇಳಿದರು. ತೂಬಿನ ಹತ್ತಿರ ನಾವಿನ್ನೂ ಎಣಿಸಿಲ್ಲ. ದನ ತುಳಿಯುವ ಮುಂಚೆ ನೀವೂ ಹೋಗಿ ಎಣಿಸಿ, ಲೆಕ್ಕವನ್ನು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.