ಅವ್ವನ ಸೀರೆಗೆ ಕತ್ತರಿ ಹಾಕುವ ಮುನ್ನ

ತಂಗಿ, ಅವ್ವ ಹೋದ ಮೇಲೆ ಆಕೆಯ ಸೀರೆಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೀಯಂತೆ. ತೆಗೆದರೆ ಅಳು ಬರುತ್ತದೆ, ಯಾರಿಗಾದರೂ ಕೊಡೋಣವೆಂದರೆ ಕೈ ಏಳುವುದಿಲ್ಲ. ಕೊಡಲೂಬೇಡ, ಮುಚ್ಚಿಡಲೂಬೇಡ. ಹಳೆ ಬಟ್ಟೆಗಳ ಪದರು ಕೂಡಿಸಿ ಹೊದೆಯುವ ಕೌದಿ ಹೊಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ಸೀಮೆಯಲ್ಲಿ ಕೌದಿ ಕಾಣದ ಮನೆ ಅಪರೂಪ. ಅಜ್ಜನ ಧೋತರ, ಅವ್ವನ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಹರಿದ ಕುಬಸ, ಮಗನ ಶಾಲೆಯ ಅಂಗಿ ಎಲ್ಲ ಅದರಲ್ಲಿ ಕೂಡುತ್ತವೆ. ಪಟ್ಟಣದ ಕಲಾಶಾಲೆಗಳಲ್ಲಿ ಟೆಕ್ಸ್‌ಟೈಲ್ ಆರ್ಟ್ ಎಂದು ಕಲಿಸುವ ಕೆಲಸವನ್ನು ನಮ್ಮ ಅಜ್ಜಿಯರು ಪಡಸಾಲೆಯಲ್ಲಿ ಕೂತು ಮಾಡಿದರು.

ಬಟ್ಟೆಗಳನ್ನು ಒಗೆದು ಬಿಸಿಲಿಗೆ ಹಾಕು. ಪದರು ಪದರಾಗಿ ಹಾಸಿ, ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿಯುತ್ತ ಬಾ. ಎಡಗೈ ಬಟ್ಟೆಯ ಕೆಳಗಿದ್ದು ಸೂಜಿಯ ತುದಿ ಬಂತೋ ಇಲ್ಲವೋ ನೋಡುತ್ತದೆ, ಬಲಗೈ ದಾರ ಎಳೆಯುತ್ತದೆ. ಒಬ್ಬಳೇ ಕೂರಬೇಡ, ಓಣಿಯ ಇಬ್ಬರನ್ನು ಕರೆ. ಕಣ್ಣು ಹೊಲಿಗೆಯ ಮೇಲಿದ್ದಾಗ ಎದುರಿನವರ ಮುಖ ನೋಡದೆ ಮಾತಾಡಬಹುದು. ತಿಂಗಳುಗಟ್ಟಲೆ ಗಂಟಲಲ್ಲಿ ನಿಂತ ಮಾತು ಅಲ್ಲಿ ತಾನಾಗಿ ಬರುತ್ತದೆ. ಅಳು ಬಂದರೆ ಅಳು, ಹೊಲಿಗೆ ಕಾಯುತ್ತದೆ. ಸೊಟ್ಟಗಾಯಿತೆಂದು ಬಿಚ್ಚಬೇಡ. ಇದು ಮಾರುವ ಕೌದಿಯಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿದ್ದು ನಿನಗೂ ನೆನಪಿರಬೇಕು. ಆ ಕೆಸರಿನ ಕಲೆ ಹೋಗದ ಬಟ್ಟೆ ಇದ್ದರೆ ಅದನ್ನೂ ಸೇರಿಸು. ಕಲೆ ಒಳಗೆ ಹೋಗುವಂತೆ ಮಡಚಬೇಡ, ಮೇಲೆಯೇ ಇರಲಿ. ಆ ನೋವೂ ಈ ಮನೆಯದೇ.

ದೂರದವರೂ ಈ ದಾರಿ ಹಿಡಿದಿದ್ದಾರೆ. ಏಡ್ಸ್‌ನಿಂದ ಸತ್ತವರ ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ, 1987ರ ಅಕ್ಟೋಬರ್‌ನಲ್ಲಿ, ಅಮೆರಿಕದ ವಾಷಿಂಗ್ಟನ್ನಿನ ಬಯಲಲ್ಲಿ ಅವರ ನೆಂಟರು, ಗೆಳೆಯರು ಹೊಲಿದ 1,920 ತುಂಡುಗಳ ಕೌದಿ ಹಾಸಿದ್ದರು. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಒಂದೊಂದರಲ್ಲೂ ತೀರಿಹೋದವರ ಹೆಸರು.

ನಿನ್ನ ತಮ್ಮ ಸೂಜಿ ಹಿಡಿಯಲಾರೆ ಎಂದರೆ ಒತ್ತಾಯ ಬೇಡ. ಒಂದು ದಪ್ಪ ರಟ್ಟು ಕೊಡು. ಅವ್ವ ಬರೆದಿಟ್ಟ ಕಿರಾಣಿ ಚೀಟಿ, ಯಲ್ಲಮ್ಮನ ಗುಡ್ಡದಿಂದ ತಂದ ಕವಡಿ, ಒಂದು ಫೋಟೊ, ಮನಸ್ಸಿಗೆ ಬಂದ ಬಣ್ಣ, ಏನು ಬೇಕಾದರೂ ಅಂಟಿಸಲಿ. ಗಂಡಸರಿಗೆ ಅಳಲು ನಾವು ಜಾಗವನ್ನೇ ಬಿಟ್ಟಿಲ್ಲ. ಅವನ ಕೈಗಾದರೂ ಕೆಲಸ ಸಿಗಲಿ. ಚಿಕ್ಕ ಮಕ್ಕಳಿಗೆ ಹಳೆ ಕಾಗದ ನೆನೆಸಿ, ಮೆಂತ್ಯದ ಹಿಟ್ಟು ಕಲಸಿ ಕೊಟ್ಟರೆ ಬುಟ್ಟಿ ಮಾಡುತ್ತಾರೆ.

ಕತ್ತರಿ ಹಿಡಿಯುವ ಮುನ್ನ ಅಕ್ಕನನ್ನೂ ತಮ್ಮನನ್ನೂ ಕೇಳು. ಸೀರೆ ನಿನ್ನ ಹತ್ತಿರ ಇದ್ದರೂ ದುಃಖ ಮೂವರದು. ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ, ಮನಸ್ಸು ಒಪ್ಪುವವರೆಗೆ ವರ್ಷವಾದರೂ ಕಾಯಿ. ಆಕೆ ಹೆಚ್ಚು ಉಟ್ಟ ಒಂದು ಸೀರೆಯನ್ನಂತೂ ಇಡಿಯಾಗಿ ಉಳಿಸು.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಕೌದಿ ಔಷಧಿಯಲ್ಲ. ಊಟ ಸೇರದೆ, ನಿದ್ದೆ ಬಾರದೆ ವಾರಗಳು ಕಳೆದರೆ, ಬದುಕೇ ಬೇಡ ಎನಿಸಿದರೆ, ಸೂಜಿ ಕೆಳಗಿಡು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ದೂರವಲ್ಲ. ಹೋಗುವ ಶಕ್ತಿಯೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ನಾಚಬೇಡ. ಕೌದಿ ಅರ್ಧಕ್ಕೇ ನಿಂತರೂ ಚಿಂತೆಯಿಲ್ಲ, ಉಳಿದ ಹೊಲಿಗೆ ನಾವು ಹಾಕುತ್ತೇವೆ.